ಸಮ್ ಲೈಕ್ ಇಟ್ ಹಾಟ್: ಸುಳ್ಳಿಗೆ ಒಪೆರಾ, ನಿಜಕ್ಕೆ ಜಾಝ್

‘ಸಮ್ ಲೈಕ್ ಇಟ್ ಹಾಟ್’ ಎಂದರೆ ಹೆಣ್ಣುವೇಷ ತೊಟ್ಟ ಇಬ್ಬರು ಗಂಡಸರು, ಮರ್ಲಿನ್ ಮನ್ರೋ, ಮತ್ತೆ ಎಲ್ಲರಿಗೂ ಬಾಯಿಪಾಠವಾದ ‘ನೋಬಡೀಸ್ ಪರ್ಫೆಕ್ಟ್’ ಎಂಬ ಆ ಕೊನೆಯ ಮಾತು. 1959ರಲ್ಲಿ ಬಿಡುಗಡೆಯಾದ ಈ ಚಿತ್ರದ ವಿಮರ್ಶೆಗಳೆಲ್ಲ ಹೆಚ್ಚುಕಡಿಮೆ ಈ ಮೂರರ ಸುತ್ತಲೇ ಗಿರಕಿ ಹೊಡೆಯುತ್ತವೆ. ನಾಯಕರಿಬ್ಬರೂ ಕಸುಬಿನಿಂದ ವಾದ್ಯಗಾರರು, ನಾಯಕಿ ಬ್ಯಾಂಡಿನ ಗಾಯಕಿ, ಕೊಲೆಗಾರರಿಂದ ತಪ್ಪಿಸಿಕೊಳ್ಳಲು ಇವರು ಅಡಗುವುದೂ ಒಂದು ಬ್ಯಾಂಡಿನಲ್ಲೇ. ಅದರ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಹಾಗಾಗಿ ಇಲ್ಲಿ ಸಂಗೀತದ ಲೆಕ್ಕವೊಂದೇ: ಯಾವ ಹಾಡು ಯಾಕೆ ಬಂತು, ಕಾಲಕ್ಕೆ ಒಪ್ಪುತ್ತದೆಯೇ, ಎಲ್ಲಿ ಎಡವಿದೆ, ಯಾವ ಡಿಸ್ಕಿನಲ್ಲಿ ಕೇಳಬೇಕು.

ಕತೆ 1929ರ ಫೆಬ್ರುವರಿಯ ಶಿಕಾಗೋದಲ್ಲಿ ಶುರುವಾಗುತ್ತದೆ. ಅಮೆರಿಕದಲ್ಲಿ ಪಾನನಿಷೇಧದ ಕಾಲ. 1920ರಲ್ಲಿ ಬಂದ ಕಾನೂನು 1933ರವರೆಗೂ ಇತ್ತು. ಟೆನರ್ ಸ್ಯಾಕ್ಸೊಫೋನ್ ನುಡಿಸುವ ಜೋ (ಟೋನಿ ಕರ್ಟಿಸ್), ಡಬಲ್ ಬಾಸ್ ನುಡಿಸುವ ಜೆರ‍್ರಿ (ಜ್ಯಾಕ್ ಲೆಮನ್) ಕೆಲಸ ಮಾಡುತ್ತಿದ್ದ ಕಳ್ಳ ಮದ್ಯದಂಗಡಿಯ ಮೇಲೆ ಪೊಲೀಸ್ ದಾಳಿಯಾಗಿ ಕೆಲಸ ಹೋಗುತ್ತದೆ. ದೂರದ ಅರ್ಬಾನಾದಲ್ಲಿ ಒಂದು ರಾತ್ರಿಯ ಕಾರ್ಯಕ್ರಮ ಸಿಗುತ್ತದೆ, ಅಲ್ಲಿಗೆ ಹೋಗಲು ಕಾರು ಬೇಕು, ಕಾರು ತರಲು ಹೋದ ಗ್ಯಾರೇಜಿನಲ್ಲಿ ಸಾಮೂಹಿಕ ಕೊಲೆ ಕಣ್ಣಿಗೆ ಬೀಳುತ್ತದೆ. 1929ರ ಫೆಬ್ರುವರಿ 14ರಂದು ಶಿಕಾಗೋದ ಕ್ಲಾರ್ಕ್ ಸ್ಟ್ರೀಟಿನ ಗ್ಯಾರೇಜಿನಲ್ಲಿ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಕೊಂದ ನಿಜ ಘಟನೆಯೇ ಇದಕ್ಕೆ ಆಧಾರ. ಊರು ಬಿಡಲು ಅವರಿಗೆ ಉಳಿದ ದಾರಿ ಒಂದೇ: ಮಯಾಮಿಗೆ ಹೊರಟಿರುವ ಹೆಂಗಸರ ಬ್ಯಾಂಡಿಗೆ ಒಂದು ಸ್ಯಾಕ್ಸ್, ಒಂದು ಬಾಸ್ ಬೇಕಾಗಿದೆ. ಒಂದು ರಾತ್ರಿಯ ಸಂಭಾವನೆಗಾಗಿ ಚಳಿಯಲ್ಲಿ ಅಲೆಯುವ ವಾದ್ಯಗಾರರ ಪಾಡೇ ಇವರನ್ನು ಕೊಲೆಯ ಎದುರು ತಂದು ನಿಲ್ಲಿಸುತ್ತದೆ, ಅದೇ ಕಸುಬು ಪಾರೂ ಮಾಡುತ್ತದೆ. ವೇಷ ಹಾಕಿ ಹೆಂಗಸರ ಬ್ಯಾಂಡು ಸೇರುವ ಗಂಡಸರ ಕತೆ ಇದಕ್ಕೂ ಮೊದಲು 1935ರ ಒಂದು ಫ್ರೆಂಚ್ ಚಿತ್ರದಲ್ಲಿ, 1951ರ ಒಂದು ಜರ್ಮನ್ ಚಿತ್ರದಲ್ಲಿ ಬಂದಿತ್ತು. ನಿರ್ದೇಶಕ ಬಿಲ್ಲಿ ವೈಲ್ಡರ್ ಮತ್ತು ಜೊತೆಗೆ ಚಿತ್ರಕತೆ ಬರೆದ ಐ.ಎ.ಎಲ್. ಡೈಮಂಡ್ ಸೇರಿಸಿದ್ದು ಗ್ಯಾಂಗ್‌ಸ್ಟರ್‌ಗಳನ್ನು. ಬೆನ್ನಿಗೆ ಬಂದೂಕಿಲ್ಲದಿದ್ದರೆ ತಮಾಷೆ ಸಾಕಾದ ಕೂಡಲೇ ವಿಗ್ ಕಿತ್ತೊಗೆಯಬಹುದು. ಇಲ್ಲಿ ಅದು ಸಾಧ್ಯವಿಲ್ಲ.

ಇನ್ನು ಸಂಗೀತ. ಈ ಚಿತ್ರದಲ್ಲಿ ಯಾರೇ ಸುಳ್ಳು ಹೇಳಲಿ, ಮರ್ಯಾದಸ್ಥ ಸಂಗೀತದ ಮರೆಯಲ್ಲಿ ನಿಂತೇ ಹೇಳುತ್ತಾರೆ. ಮೊದಲ ಹತ್ತು ನಿಮಿಷದಲ್ಲೇ ಇದು ಶುರು. ಶವಸಂಸ್ಕಾರದ ಅಂಗಡಿ, ಕಪ್ಪು ಬಟ್ಟೆ, ಗಂಭೀರವಾದ ಆರ್ಗನ್. ಒಳಬಾಗಿಲು ತೆರೆದರೆ ಹೊಗೆ, ಕಾಫಿ ಕಪ್ಪಿನಲ್ಲಿ ವಿಸ್ಕಿ, ಕುಣಿಯುವ ಹುಡುಗಿಯರು, 1925ರ ‘ಸ್ವೀಟ್ ಜಾರ್ಜಿಯಾ ಬ್ರೌನ್’. ಬ್ಯಾಂಡಿನ ಯಜಮಾನಿ ಸ್ವೀಟ್ ಸ್ಯೂ ಮುಂದೆ ಜೋ, ಜೆರ‍್ರಿ ತಾವು ಶೆಬಾಯ್ಗನ್ ಸಂಗೀತ ಶಾಲೆಯಲ್ಲಿ ಮೂರು ವರ್ಷ ಕಲಿತವರೆಂದು ಬಿಡುತ್ತಾರೆ. ಆಮೇಲೆ ಶುಗರ್ (ಮನ್ರೋ) ಅದೇ ಸುಳ್ಳನ್ನು ಎತ್ತಿಕೊಂಡು, ಅವಳನ್ನು ಒಲಿಸಲು ತೈಲದೊರೆಯ ವೇಷ ಹಾಕಿರುವ ಅದೇ ಜೋನ ಮುಂದೆ ಒದರುತ್ತಾಳೆ. ತನ್ನ ಸುಳ್ಳು ತನಗೇ ವಾಪಸು ಬಂದಾಗ ಅವನು ಮುಖದಲ್ಲಿ ಏನೂ ತೋರಿಸುವಂತಿಲ್ಲ. ಅವನಾದರೂ ಕಡಿಮೆಯೇ? ಜಾಝ್ ಕೆಲವರಿಗೆ ಹಿಡಿಸಬಹುದು, ತನಗೇನಿದ್ದರೂ ಶಾಸ್ತ್ರೀಯ ಸಂಗೀತ ಎಂದು ಮೂಗೆತ್ತಿ ಹೇಳುತ್ತಾನೆ. ಹೊಟ್ಟೆಪಾಡಿಗೆ ಜಾಝ್ ಊದುವವನ ಬಾಯಲ್ಲಿ ಈ ಮಾತು! ಇನ್ನು ಮಯಾಮಿ ಹೋಟೆಲಿಗೆ ಸಮಾವೇಶಕ್ಕೆಂದು ಬಂದಿಳಿಯುವ ಕೊಲೆಗಾರರ ಪಟಾಲಮ್ಮಿನ ಬೋರ್ಡು: ಇಟಾಲಿಯನ್ ಒಪೆರಾ ಮಿತ್ರರ ಸಂಘ. ಆರ್ಗನ್, ಸಂಗೀತ ಶಾಲೆ, ಶಾಸ್ತ್ರೀಯ, ಒಪೆರಾ ಎಲ್ಲವೂ ಮುಖವಾಡ. ಪಾತ್ರಗಳು ತಮ್ಮ ನಿಜ ಬಣ್ಣ ತೋರಿಸುವುದು ಬ್ಯಾಂಡು ಶುರುವಾದಾಗ ಮಾತ್ರ.

ರೈಲಿನ ತಾಲೀಮು ನೋಡಿ. ಹೊಸದಾಗಿ ಸೇರಿದ ಜೋಸೆಫೀನ್ (ವೇಷದಲ್ಲಿರುವ ಜೋ), ಡಾಫ್ನೆ (ವೇಷದಲ್ಲಿರುವ ಜೆರ‍್ರಿ) ಸಪ್ಪೆಯಾಗಿ ನುಡಿಸುತ್ತಿದ್ದಾರೆ. ಇದಕ್ಕೆ ಮೊದಲು ಎಲ್ಲಿ ನುಡಿಸುತ್ತಿದ್ದಿರಿ ಎಂದು ಯಜಮಾನಿ ಗದರಿದರೆ, ಶವಸಂಸ್ಕಾರಗಳಲ್ಲಿ ಎಂಬ ಉತ್ತರ ಬರುತ್ತದೆ. ಬೇಕೆಂದು ಹೇಳಿದ ಸುಳ್ಳಲ್ಲ ಇದು. ಆ ಕಳ್ಳಂಗಡಿ ಇದ್ದದ್ದೇ ಶವಸಂಸ್ಕಾರದ ಅಂಗಡಿಯ ಹಿಂದೆ. ಸ್ವಲ್ಪ ಜೀವ ತುಂಬಿ ಎಂದದ್ದೇ ತಡ, ‘ರನ್ನಿನ್ ವೈಲ್ಡ್’ ಎದ್ದು ಓಡುತ್ತದೆ. ಇಬ್ಬರೂ ವೇಷ ಮರೆತು ಕಸುಬಿಗೆ ಇಳಿಯುತ್ತಾರೆ. ಲೆಮನ್ ಬಾಸನ್ನು ಗಿರ‍್ರನೆ ತಿರುಗಿಸುತ್ತಾ ಹಲ್ಲು ಕಿರಿಯುತ್ತಾನೆ. ಶುಗರ್ ಪುಟ್ಟ ಗಿಟಾರಿನಂಥ ಯುಕುಲೇಲೆ ಹಿಡಿದು ಕುಣಿಯುತ್ತಾ ಹಾಡುತ್ತಿರುವಾಗಲೇ ಅವಳು ಬಚ್ಚಿಟ್ಟಿದ್ದ ಮದ್ಯದ ಶೀಸೆ ಜಾರಿ ನೆಲಕ್ಕೆ ಬೀಳುತ್ತದೆ. ಸಂಗೀತ ನಿಲ್ಲುತ್ತದೆ. ಆ ಮೌನದಲ್ಲಿ ಡಾಫ್ನೆ ‘ನನ್ನದು’ ಎಂದು ತಪ್ಪನ್ನು ಮೈಮೇಲೆ ಹಾಕಿಕೊಳ್ಳುತ್ತಾಳೆ. ಮೂವರ ಸ್ನೇಹಕ್ಕೆ ಬುನಾದಿ ಬಿದ್ದದ್ದು ಇಲ್ಲಿ. ಹಾಡಿನ ನೆಪದಲ್ಲಿ ಕತೆ ನಿಲ್ಲಿಸುವ ಸಂಗೀತಚಿತ್ರಗಳು ಬೇಕಾದಷ್ಟಿವೆ. ಇಲ್ಲಿ ಒಂದೇ ಹಾಡಿನೊಳಗೆ ಮೂರು ಘಟನೆ ಆಗಿಹೋಗುತ್ತವೆ.

ಕಾಲದ ಪ್ರಶ್ನೆಗೆ ಬಂದರೆ, ಹಾಡುಗಳ ಆಯ್ಕೆ ಬಹುಮಟ್ಟಿಗೆ ಪಕ್ಕಾ. ‘ರನ್ನಿನ್ ವೈಲ್ಡ್’ 1922ರದು. ‘ಐ ವಾನ್ನಾ ಬಿ ಲವ್ಡ್ ಬೈ ಯೂ’ 1928ರದು, ಅಂದರೆ ಕತೆಯ ವೇಳೆಗೆ ಇನ್ನೂ ಬಿಸಿಯಾರದ ಹಾಡು. ಅದನ್ನು ಜನಪ್ರಿಯ ಮಾಡಿದವಳು ಹೆಲೆನ್ ಕೇನ್. ಪ್ಲಾಟ್‌ಫಾರ್ಮಿನಲ್ಲಿ ಶುಗರ್ ನಡೆದುಬರುವಾಗ ಹಿತ್ತಾಳೆ ವಾದ್ಯ ಬಾಯಿಗೆ ದನಿ ಅದುಮುವ ಮ್ಯೂಟ್ ಅಡ್ಡ ಹಿಡಿಸಿಕೊಂಡು ‘ವಾ ವಾ’ ಎಂದು ಉಲಿಯುತ್ತದೆ. ಬ್ಯಾಂಡಿನ ಯಜಮಾನಿಯ ಹೆಸರು ಕೂಡ 1928ರ ‘ಸ್ವೀಟ್ ಸ್ಯೂ’ ಹಾಡಿನದೇ. ತಾಳೆಮರ, ಕಡಲತೀರ ತೋರಿಸುವಾಗ ಬರುವ ಹಾಡುಗಳು 1914ರ ಆಸುಪಾಸಿನವು. ಜಾಗದ ಗುರುತಿಗೆ ಬಳಸಿದ್ದು, ಅದಕ್ಕಿಂತ ಹೆಚ್ಚಿನ ಕೆಲಸ ಅವಕ್ಕಿಲ್ಲ.

ಎಡವಿದ್ದು ಎರಡು ಕಡೆ, ಎರಡೂ ಒಬ್ಬನದೇ ಹಾಡುಗಳು. ಶುಗರ್ ಕೊನೆಗೆ ಹಾಡುವ ‘ಐಯಾಮ್ ಥ್ರೂ ವಿತ್ ಲವ್’ ಬಂದದ್ದು 1931ರಲ್ಲಿ, ಕತೆ ಮುಗಿದು ಎರಡು ವರ್ಷದ ಮೇಲೆ. ಪ್ರೇಮದ ದೃಶ್ಯಗಳಿಗೆ ಬಳಸಿದ ‘ಸ್ಟೇರ್‌ವೇ ಟು ದ ಸ್ಟಾರ್ಸ್’ಗೆ ಸಾಹಿತ್ಯ ಕೂಡಿ ಹಾಡಾದದ್ದು 1939ರಲ್ಲಿ, ಅದರ ವಾದ್ಯರೂಪ ಕೂಡ 1930ರ ದಶಕದ್ದು. ಎರಡಕ್ಕೂ ಸ್ವರ ಹಾಕಿದವರಲ್ಲಿ ಒಬ್ಬ ಮ್ಯಾಟಿ ಮಾಲ್ನೆಕ್, ಈ ಚಿತ್ರದ ಹಾಡುಗಳ ಮೇಲ್ವಿಚಾರಕನೂ ಅವನೇ. ಹಳೆಯ ಸರಕನ್ನು ಹೊಸ ಚಿತ್ರಕ್ಕೆ ದಾಟಿಸಿದ ಎನ್ನಿ, ಆದರೆ ಮಾಲ್ನೆಕ್‌ಗೆ ಆ ಹಕ್ಕಿತ್ತು. 1920ರ ದಶಕದ ಕೊನೆಯಲ್ಲಿ ಅವನು ಆಗಿನ ಹೆಸರಾಂತ ಕುಣಿತದ ತಂಡ, ಪಾಲ್ ವೈಟ್‌ಮನ್ ಆರ್ಕೆಸ್ಟ್ರಾದಲ್ಲಿ ಪಿಟೀಲು ನುಡಿಸುತ್ತಿದ್ದ, ಬಿಕ್ಸ್ ಬೈಡರ್ಬೆಕ್ ಕಾರ್ನೆಟ್ ಊದುತ್ತಿದ್ದ ಅದೇ ತಂಡದಲ್ಲಿ. ವೈಲ್ಡರ್‌ಗೂ ವೈಟ್‌ಮನ್ ನಂಟು ಉಂಟು. 1926ರಲ್ಲಿ ವಿಯೆನ್ನಾದಲ್ಲಿ ಎಳೆಯ ಪತ್ರಕರ್ತನಾಗಿದ್ದವನು ವೈಟ್‌ಮನ್‌ನನ್ನು ಸಂದರ್ಶಿಸಿ, ಅವನ ತಂಡದ ಜೊತೆಗೇ ಬರ್ಲಿನ್‌ಗೆ ಹೊರಟುಬಿಟ್ಟ. ಹಿನ್ನೆಲೆ ಸಂಗೀತ ಬರೆದ ಅಡಾಲ್ಫ್ ಡಾಯ್ಚ್ 1941ರ ‘ದ ಮಾಲ್ಟೀಸ್ ಫಾಲ್ಕನ್’ ಎಂಬ ಪತ್ತೇದಾರಿ ಚಿತ್ರಕ್ಕೂ ಸಂಗೀತ ಕೊಟ್ಟವನು. ಬೆನ್ನಟ್ಟುವ ದೃಶ್ಯಗಳಿಗೆ ಪತ್ತೇದಾರಿ ಸಂಗೀತ ಹೇಗಿರಬೇಕೆಂದು ಅವನಿಗೆ ಹೇಳಿಕೊಡಬೇಕಿರಲಿಲ್ಲ.

ಕಾಲದ ಈ ತಪ್ಪುಗಳಿಗೆ ದೊಡ್ಡ ರಂಪ ಬೇಕಿಲ್ಲ. 1973ರ ‘ದ ಸ್ಟಿಂಗ್’ 1936ರಲ್ಲಿ ನಡೆಯುವ ಕತೆ, ಅದಕ್ಕೆ ಹಾಕಿದ್ದು ಜಾಝ್‌ಗಿಂತ ಹಿಂದಿನ ಪಿಯಾನೋ ಶೈಲಿ, ಸ್ಕಾಟ್ ಜಾಪ್ಲಿನ್‌ನ ರ‍್ಯಾಗ್‌ಟೈಮ್. ‘ದ ಎಂಟರ್‌ಟೇನರ್’ ಎಂಬ ಅದರ ಮುಖ್ಯ ರಾಗ ಪ್ರಕಟವಾದದ್ದು 1902ರಲ್ಲಿ. 1936ರ ಹೊತ್ತಿಗೆ ಜನ ಬೆನ್ನಿ ಗುಡ್‌ಮನ್‌ನ ಸ್ವಿಂಗ್‌ಗೆ ಕುಣಿಯುತ್ತಿದ್ದರು. ಆದರೂ ಅದಕ್ಕೆ ಆಸ್ಕರ್ ಬಂತು.

ಸ್ವಿಂಗ್ ಮಾತು ಬಂದದ್ದರಿಂದ ಒಂದು ಗೊಂದಲ ಬಿಡಿಸಬೇಕು. ಈ ಚಿತ್ರದ ಸಂಗೀತವನ್ನು ಅನೇಕರು ಸ್ವಿಂಗ್ ಎಂದೇ ಕರೆಯುತ್ತಾರೆ. ಸ್ವಿಂಗ್ ಯುಗ ಶುರುವಾದದ್ದು 1935ರಲ್ಲಿ, ಆಗಸ್ಟ್ 21ರಂದು ಲಾಸ್ ಏಂಜಲೀಸ್‌ನ ಪಾಲೋಮಾರ್ ಬಾಲ್‌ರೂಮಿನಲ್ಲಿ ಗುಡ್‌ಮನ್ ತಂಡ ಗೆದ್ದ ರಾತ್ರಿಯಿಂದ ಎಂದು ಎಣಿಸುವುದು ವಾಡಿಕೆ. 1929ರಲ್ಲಿ ಇದ್ದದ್ದು ಹಾಟ್ ಜಾಝ್ ಮತ್ತು ಕುಣಿತದ ಬ್ಯಾಂಡುಗಳು. ವ್ಯತ್ಯಾಸ ಕೇಳಿ ಗುರುತಿಸುವುದು ಕಷ್ಟವಲ್ಲ. ಹಾಡಿನ ಜೊತೆ ಕಾಲು ತಟ್ಟುತ್ತಾ ಬಾಸ್ ಎಲ್ಲಿ ಬೀಳುತ್ತದೆ ನೋಡಿ. ನಾಲ್ಕು ಎಣಿಕೆಯಲ್ಲಿ ಒಂದು, ಮೂರಕ್ಕೆ ಮಾತ್ರ ‘ಬುಂ’ ಎಂದು ಬಿದ್ದು, ಎರಡು, ನಾಲ್ಕರಲ್ಲಿ ಬ್ಯಾಂಜೋ ‘ಚಕ್’ ಎಂದರೆ ಅದು 1920ರ ದಶಕದ ನಡೆ. ನಾಲ್ಕಕ್ಕೂ ಬಾಸ್ ಸಮವಾಗಿ ಹೆಜ್ಜೆ ಹಾಕುತ್ತಾ, ತಾಳವನ್ನು ಸಿಂಬಲ್ ಹೊತ್ತುಕೊಂಡಿದ್ದರೆ ಸ್ವಿಂಗ್ ಕಾಲದ್ದು. ಮೂರನೆಯ ಗುರುತು ಸ್ಯಾಕ್ಸಿನ ಅದುರು. 1920ರ ದಶಕದವರು ಸ್ವರವನ್ನು ವೇಗವಾಗಿ, ದಪ್ಪಗೆ ಅದುರಿಸುತ್ತಿದ್ದರು. 50ರ ದಶಕದ ಸ್ಟುಡಿಯೋ ವಾದಕರದು ನಯವಾದ ನುಡಿ.

ಈ ಕಿವಿಯಿಂದ ಕೇಳಿದರೆ ಚಿತ್ರದ ಗುಟ್ಟು ಬಯಲಾಗುತ್ತದೆ: ಹಾಡು ಹಳೆಯದು, ನುಡಿಸಿದವರು 1958ರ ಹಾಲಿವುಡ್ ಸ್ಟುಡಿಯೋದವರು. ಹಿತ್ತಾಳೆ ವಾದ್ಯಗಳ ಹೊಡೆತ ತುಂಬ ಚೊಕ್ಕ, ಸ್ಯಾಕ್ಸ್‌ಗಳ ಹೊಂದಾಣಿಕೆ ತುಂಬ ನುಣುಪು. ರೈಲು ಬೋಗಿಯಲ್ಲಿ ಒತ್ತೊತ್ತಾಗಿ ಕೂತು ತಾಲೀಮು ಮಾಡುವ ಬ್ಯಾಂಡು ಇಷ್ಟು ಅಚ್ಚುಕಟ್ಟಾಗಿ ಕೇಳಿಸುವುದಿಲ್ಲ. ಗೋಡೆ, ಪರದೆ, ಸೀಟುಗಳು ಸದ್ದನ್ನು ನುಂಗಿಬಿಡುತ್ತವೆ. ಹಿತ್ತಾಳೆ ವಾದ್ಯಗಳ ಮುಂದೆ ಯುಕುಲೇಲೆಯ ಸದ್ದು ಏಳುವುದೂ ಇಲ್ಲ. ಆ ಕಾಲದ ಬ್ಯಾಂಡುಗಳು ಬ್ಯಾಂಜೋ ಇಟ್ಟುಕೊಂಡದ್ದೇ ಅದಕ್ಕೆ, ಚರ್ಮದ ಮೇಲೆ ಮಿಡಿಯುವ ತಂತಿಗೆ ಮೈಕ್ ಇಲ್ಲದೆಯೂ ಗಂಟಲಿತ್ತು. ಶುಗರ್ ಕೈಯ ಯುಕುಲೇಲೆ ನೋಡುವುದಕ್ಕೆ ಚೆಂದ, ಅಷ್ಟೇ.

ವಾದ್ಯಗಳ ಆಯ್ಕೆಯಲ್ಲಿ ಮಾತ್ರ ಯಾರೋ ತಿಳಿದವರ ಕೈ ಇದೆ. ಜೆರ‍್ರಿಗೆ ಡಬಲ್ ಬಾಸ್ ಕೊಟ್ಟದ್ದು ಸರಿ. ಹಳೆಯ ರೆಕಾರ್ಡಿಂಗಿನಲ್ಲಿ ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ವಾದ್ಯದಷ್ಟು ಬಾಸ್ ಮೂಡುತ್ತಿರಲಿಲ್ಲ. 1925ರಲ್ಲಿ ವಿದ್ಯುತ್ ರೆಕಾರ್ಡಿಂಗ್ ಬಂದ ಮೇಲೆ ತಂತಿಯ ಬಾಸ್ ಬ್ಯಾಂಡುಗಳಲ್ಲಿ ಮೇಲೆದ್ದಿತು. ಸ್ಟೀವ್ ಬ್ರೌನ್ ತಂತಿಯನ್ನು ಹಲಗೆಗೆ ಚಟ್ಟೆಂದು ಬಡಿಯುವ ಶೈಲಿಯಿಂದ ಆಗಲೇ ಹೆಸರಾಗಿದ್ದ. ಜೋನ ಟೆನರ್ ಸ್ಯಾಕ್ಸೂ ಸರಿಯೇ. ಕೋಲ್ಮನ್ ಹಾಕಿನ್ಸ್ ಅಷ್ಟರಲ್ಲಿ ಟೆನರನ್ನು ಸೋಲೊ ವಾದ್ಯ ಮಾಡಿಯಾಗಿತ್ತು, ಶಿಕಾಗೋದಲ್ಲೇ ಬಡ್ ಫ್ರೀಮನ್ ಅದನ್ನು ನುಡಿಸುತ್ತಿದ್ದ. ಟೆನರ್ ಸ್ಯಾಕ್ಸಿನವರನ್ನು ಕಂಡರೆ ಸಾಕು, ಬುದ್ಧಿ ಕೈಕೊಡುತ್ತದೆ ಎಂದು ಶುಗರ್ ಹೇಳಿಕೊಳ್ಳುವುದು ಹಾಗಾಗಿ ಬರಿ ಗಾಳಿಮಾತಲ್ಲ. ಹೆಂಗಸರ ಬ್ಯಾಂಡೂ ಕಲ್ಪನೆಯಲ್ಲ: ದ ಇಂಜೆನ್ಯೂಸ್ ಎಂಬ ಹೆಂಗಸರ ತಂಡ 20ರ ದಶಕದಲ್ಲಿ ರಂಗಮಂದಿರಗಳಲ್ಲಿ ಸುತ್ತುತ್ತಿತ್ತು.

ಬಾಸಿಗೆ ಕತೆಯಲ್ಲಿ ಇನ್ನೊಂದು ಪಾತ್ರವಿದೆ. ಗ್ಯಾರೇಜಿನಿಂದ ಓಡುವಾಗ ಬಿದ್ದ ಗುಂಡುಗಳ ತೂತು ಅದರ ಮೈಯಲ್ಲಿ ಉಳಿದು, ಮಯಾಮಿಯಲ್ಲಿ ಕೊಲೆಗಾರರ ಮುಖಂಡ ಸ್ಪ್ಯಾಟ್ಸ್ ಕಣ್ಣಿಗೆ ಬಿದ್ದು ಗುಟ್ಟು ಒಡೆಯುತ್ತದೆ. ತೂತು ಬಿದ್ದ ಬಾಸ್ ನುಡಿಯುತ್ತದೆಯೇ ಎಂಬ ಅನುಮಾನ ಸಹಜ. ನುಡಿಯುತ್ತದೆ. ಮುಂದಿನ ಹಲಗೆಯಲ್ಲಿ ಹೇಗೂ ಎರಡು ದೊಡ್ಡ ಕಂಡಿಗಳಿರುತ್ತವೆ, ನಾಲ್ಕು ಸಣ್ಣ ತೂತಿನಿಂದ ದನಿ ಸಾಯುವುದಿಲ್ಲ. ಹೊಟ್ಟೆಯೊಳಗೆ ಮುಂದಿನ ಹಲಗೆಗೂ ಹಿಂದಿನ ಹಲಗೆಗೂ ನಡುವೆ ಸಿಕ್ಕಿಸಿದ ಕಡ್ಡಿ, ಸೌಂಡ್ ಪೋಸ್ಟ್, ಉರುಳಿದರೆ ಅಥವಾ ಹಲಗೆ ಉದ್ದಕ್ಕೆ ಸೀಳಿದರೆ ಮಾತ್ರ ದನಿ ಪೊಳ್ಳಾಗುತ್ತದೆ. ಸೀಳು ಬಿಟ್ಟರೆ ತಂತಿಯ ಬಿಗಿತಕ್ಕೆ ಅದು ದಿನೇ ದಿನೇ ಬೆಳೆಯುತ್ತದೆ, ಆಗ ಗರಗರ ಸದ್ದು. ಚಿತ್ರದಲ್ಲಿ ಅದೇನೂ ಇಲ್ಲ. ಅಷ್ಟರ ಮಟ್ಟಿಗೆ ಜೆರ‍್ರಿ ಅದೃಷ್ಟವಂತ.

ಮನ್ರೋ ಹಾಡಿಕೆಗೆ ಬರೋಣ. ಮೂರು ಹಾಡು, ಮೂರು ಬೇರೆ ಬೇರೆ ದನಿ. ‘ರನ್ನಿನ್ ವೈಲ್ಡ್’ನಲ್ಲಿ ತಾಳದ ಮೇಲೆ ಹತ್ತಿ ಕೂತಿದ್ದಾಳೆ. ‘ಐ ವಾನ್ನಾ ಬಿ ಲವ್ಡ್ ಬೈ ಯೂ’ವನ್ನು ಹೆಲೆನ್ ಕೇನ್ ಎಳೆಮಗುವಿನ ಕೀಚಲು ದನಿಯಲ್ಲಿ ತಮಾಷೆಗೆಂದು ಹಾಡಿದ್ದಳು, ಮನ್ರೋ ಅದನ್ನು ನಿಧಾನಿಸಿ, ಉಸಿರು ಬೆರೆಸಿ, ತುಂಟತನವನ್ನು ಮೋಹಕ್ಕೆ ತಿರುಗಿಸಿದ್ದಾಳೆ. ಕಾಲದ ದೃಷ್ಟಿಯಿಂದ ಚಿತ್ರದ ದೊಡ್ಡ ಸುಳ್ಳು ಇರುವುದೂ ಇಲ್ಲೇ. ಇಂಥ ಪಿಸುದನಿ 1929ರ ಹೋಟೆಲ್ ಬಾಲ್‌ರೂಮಿನಲ್ಲಿ ಎರಡನೆಯ ಸಾಲನ್ನೂ ಮುಟ್ಟುತ್ತಿರಲಿಲ್ಲ. ಬ್ಯಾಂಡಿನ ಎದುರು ನಿಂತವರು ಆಗ ಗಂಟಲು ಬಿಟ್ಟು ಹಾಡಬೇಕಿತ್ತು, ಇಲ್ಲವೇ ರೂಡಿ ವ್ಯಾಲಿಯ ಹಾಗೆ ಬಾಯಿಗೆ ಮೆಗಾಫೋನ್ ಹಿಡಿಯಬೇಕಿತ್ತು. ಮೈಕಿನ ಮೂತಿಗೆ ತುಟಿಯಿಟ್ಟು ಹಾಡುವ, ರೆಕಾರ್ಡಿಂಗ್ ಬೂತಿನ ಹಾಡಿಕೆ ಇದು. ಹಾಗೆಂದು ಇದನ್ನು ತಿದ್ದಲು ಹೋದರೆ ಚಿತ್ರವೇ ಕೆಡುತ್ತದೆ. ಪಿಯಾನೋ ಮೇಲೆ ಕೂತು ಹಾಡುವ ‘ಐಯಾಮ್ ಥ್ರೂ ವಿತ್ ಲವ್’ನಲ್ಲಿ ಆಟವೆಲ್ಲ ಬಿಟ್ಟು ಕೆಳದನಿಗೆ ಇಳಿಯುತ್ತಾಳೆ, ಸಾಲಿನ ಕೊನೆಗಳನ್ನು ಎಳೆಯದೆ ಹಾಗೇ ಕೈಬಿಡುತ್ತಾಳೆ. ಬೆನ್ನ ಹಿಂದೆ ಕೊಲೆಗಾರರಿದ್ದರೂ ಜೋ ಓಡುವುದನ್ನು ನಿಲ್ಲಿಸಿ, ಹೆಣ್ಣುವೇಷದಲ್ಲೇ ವೇದಿಕೆ ಹತ್ತಿ ಅವಳಿಗೆ ಮುತ್ತು ಕೊಡುತ್ತಾನೆ. ತೈಲದೊರೆಯ ಸುಳ್ಳು ಅಲ್ಲಿಗೆ ಮುಗಿಯಿತು. ಈ ಹಾಡು ಎರಡು ವರ್ಷ ಮುಂಚಿತವಾಗಿ ಬಂತೆಂಬ ತಕರಾರನ್ನು ಆ ಕ್ಷಣದಲ್ಲಿ ಎತ್ತುವವರಿಗೆ ಸಂಗೀತ ಬೇಡ, ಕ್ಯಾಲೆಂಡರ್ ಸಾಕು.

ಇಡೀ ಚಿತ್ರದ ಜಾಣ ತಾಳವಾದ್ಯ ಇರುವುದು ಮಾತ್ರ ಬ್ಯಾಂಡಿನ ಹೊರಗೆ. ರಾತ್ರಿಯಿಡೀ ಕೋಟ್ಯಧಿಪತಿ ಆಸ್ಗುಡ್ (ಜೋ ಇ. ಬ್ರೌನ್) ಜೊತೆ ಡಾಫ್ನೆ ಟ್ಯಾಂಗೋ ಕುಣಿಯುತ್ತಾಳೆ, ಹಲ್ಲಿನ ನಡುವೆ ಹೂವು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಕ್ಯೂಬಾದ ವಾದ್ಯಗಾರರು. ನುಡಿಸುವುದು ‘ಲಾ ಕುಂಪಾರ್ಸಿತಾ’, ಉರುಗ್ವೆಯ ಹೆರಾರ್ದೊ ಮಾತೋಸ್ ರೊದ್ರಿಗೆಸ್ ಬರೆದದ್ದು. ಜಾಝ್ ಅಲ್ಲದಿದ್ದರೂ 1929ಕ್ಕೆ ಕಾಲ ಹೊಂದುತ್ತದೆ. ಇದಕ್ಕೂ ಹಡಗಿನಲ್ಲಿ ಜೋ, ಶುಗರ್ ಇಬ್ಬರ ಪ್ರೇಮದ ದೃಶ್ಯಕ್ಕೂ ನಡುವೆ ಕ್ಯಾಮೆರಾ ಸರ‍್ರನೆ ತಿರುಗಿದಾಗಲೆಲ್ಲ ಸಂಗೀತವೂ ಕತ್ತರಿಸಿದಂತೆ ಬದಲಾಗುತ್ತದೆ: ಇಲ್ಲಿ ಟ್ಯಾಂಗೋ, ಅಲ್ಲಿ ಮೆಲುದನಿ. ಬೆಳಗಾದ ಮೇಲೆ ಜೆರ‍್ರಿ ಹಾಸಿಗೆಯ ಮೇಲೆ ಬಿದ್ದುಕೊಂಡು ಗಿಲಕಿಯಂಥ ಮರಾಕಾ ಅಲ್ಲಾಡಿಸುತ್ತಾ ಅದೇ ಧಾಟಿ ಗುನುಗುತ್ತಿರುತ್ತಾನೆ. ತನಗೆ ಮದುವೆ ಗೊತ್ತಾಯಿತು ಎನ್ನುತ್ತಾನೆ. ಜೋ ಒಂದು ಪ್ರಶ್ನೆ ಕೇಳುತ್ತಾನೆ, ಇವನು ಒಂದು ಸಾಲು ಹೇಳಿ ಮರಾಕಾ ಕುಲುಕುತ್ತಾನೆ. ಮತ್ತೆ ಪ್ರಶ್ನೆ, ಮತ್ತೆ ಸಾಲು, ಮತ್ತೆ ಕುಲುಕು. ಮರಾಕಾ ಕೊಟ್ಟದ್ದು ವೈಲ್ಡರ್‌ನ ಉಪಾಯ. ಚಿತ್ರಮಂದಿರದ ನಗುವಿನಲ್ಲಿ ಮುಂದಿನ ಮಾತು ಮುಚ್ಚಿಹೋಗಬಾರದೆಂದು, ಪ್ರತಿ ಸಾಲಿನ ನಂತರ ನಗುವಿಗೆಂದೇ ಅಳತೆ ಮಾಡಿ ಬಿಟ್ಟ ಜಾಗ ಅದು. ಒಬ್ಬರೇ ಮನೆಯಲ್ಲಿ ಕೂತು ನೋಡಿದರೆ ಈ ಬಿಡುವು ಕೊಂಚ ಉದ್ದ ಎನ್ನಿಸಬಹುದು. ನಾಲ್ಕು ಜನ ಕೂಡಿ ನೋಡಿದರೆ ಅಳತೆ ಎಷ್ಟು ಕರಾರುವಾಕ್ಕೆಂದು ತಿಳಿಯುತ್ತದೆ.

ಒಂದು ಕೊರತೆಯನ್ನು ಹೇಳಲೇಬೇಕು. 1929ರ ಶಿಕಾಗೋದ ಜಾಝ್ ಎಂದರೆ ನಗರದ ದಕ್ಷಿಣ ಭಾಗದ ಕಪ್ಪು ಕಲಾವಿದರ ಜಾಝ್. ಲೂಯಿ ಆರ್ಮ್‌ಸ್ಟ್ರಾಂಗ್ ತನ್ನ ಹಾಟ್ ಫೈವ್ ತಂಡದ ಮುದ್ರಿಕೆಗಳನ್ನು 1925ರಿಂದ ಇಲ್ಲೇ ಮಾಡಿದ್ದ. 1928ರ ಜೂನ್‌ನಲ್ಲಿ ‘ವೆಸ್ಟ್ ಎಂಡ್ ಬ್ಲೂಸ್’ ಕೂಡ. ಅರ್ಲ್ ಹೈನ್ಸ್ ಅದೇ ವರ್ಷದ ಡಿಸೆಂಬರ್ ಕೊನೆಗೆ ಗ್ರ್ಯಾಂಡ್ ಟೆರೇಸ್ ಎಂಬ ಕ್ಲಬ್ಬಿನಲ್ಲಿ ಬ್ಯಾಂಡು ಕಟ್ಟಿದ. ಕತೆಯ ಜೋ, ಜೆರ‍್ರಿಯಂಥವರು ಕಸುಬು ಕಲಿಯಬೇಕಾದದ್ದು ಇವರನ್ನು ಕೇಳಿಯೇ. ಚಿತ್ರದಲ್ಲಿ ಆ ನಗರದ ಸುಳಿವೇ ಇಲ್ಲ. ಸಂಗೀತದ ಮೂಲವನ್ನು ಹೀಗೆ ಚೌಕಟ್ಟಿನ ಹೊರಗಿಟ್ಟದ್ದು 50ರ ದಶಕದ ಹಾಲಿವುಡ್‌ನ ಹಳೆಯ ಚಾಳಿ, ಇಲ್ಲೂ ಅದು ತಪ್ಪಿಲ್ಲ.

ಕೇಳುವುದು ಹೇಗೆ ಎಂಬುದಕ್ಕೆ ಬಂದರೆ: ಚಿತ್ರದ ಮೂಲ ಧ್ವನಿ ಮೋನೊ, ಅಂದರೆ ಒಂದೇ ಟ್ರ್ಯಾಕ್. ಕೆಲವು ಹಳೆಯ ಡಿಸ್ಕ್‌ಗಳಲ್ಲಿ ಅದನ್ನು 5.1ಕ್ಕೆ ಹರಡಿದ್ದಾರೆ. ಒಂದೇ ಟ್ರ್ಯಾಕನ್ನು ಆರು ಸ್ಪೀಕರಿಗೆ ಹಂಚಿದಾಗ ಮಾತು ನಡುವೆ ಉಳಿದು ಬ್ಯಾಂಡು ತೆಳ್ಳಗಾಗುತ್ತದೆ, ಬೇಡದ ಮಾರ್ದನಿ ಸೇರಿಕೊಳ್ಳುತ್ತದೆ. 2018ರಲ್ಲಿ ಕ್ರೈಟೀರಿಯನ್ ಕಂಪನಿ ತಂದ ಬ್ಲೂ-ರೇಯಲ್ಲಿ 4ಕೆ ಪುನರುಜ್ಜೀವನದ ಜೊತೆ ಸಂಕುಚಿಸದ ಮೋನೊ ಟ್ರ್ಯಾಕ್ ಇದೆ, ಕೊಳ್ಳುವುದಾದರೆ ಅದು. ಯಾವ ಡಿಸ್ಕೇ ಆಗಲಿ, ಮೊದಲು ಆಡಿಯೋ ಮೆನುವಿನಲ್ಲಿ ಮೋನೊ ಆರಿಸಿ, ರಿಸೀವರಿನಲ್ಲಿ ಸರೌಂಡ್ ತೆಗೆದು ‘ಡೈರೆಕ್ಟ್’ ಅಥವಾ ‘ಸ್ಟೀರಿಯೋ’ಗೆ ಹಾಕಿ, ಟಿವಿಯ ನೈಟ್ ಮೋಡ್ ಬಂದ್ ಮಾಡಿ. ನೈಟ್ ಮೋಡ್ ಮೆಲುದನಿಯನ್ನು ಏರಿಸಿ ಜೋರುದನಿಯನ್ನು ಅದುಮುವುದರಿಂದ ಮನ್ರೋನ ಪಿಸುಮಾತೂ ಬ್ಯಾಂಡಿನ ಅಬ್ಬರವೂ ಒಂದೇ ಮಟ್ಟಕ್ಕೆ ಬಂದು, ಶೀಸೆ ಬಿದ್ದಾಗಿನ ಮೌನ ಸಪ್ಪೆಯಾಗುತ್ತದೆ. ಇಯರ್‌ಫೋನಿನಲ್ಲಿ ಕೇಳುವವರಿಗೆ ಮೋನೊ ತಲೆಯ ನಡುವೆ ಕೂತಂತಾಗುತ್ತದೆ. ಸ್ಪೀಕರಿನಲ್ಲಿ ಕೇಳಿದರೆ ಬಾಸ್ ಎಷ್ಟೋ ಸ್ಪಷ್ಟ. ಹಾಡು ಮಾತ್ರ ಬೇಕೆನ್ನುವವರಿಗೆ 1959ರಲ್ಲೇ ಯುನೈಟೆಡ್ ಆರ್ಟಿಸ್ಟ್ಸ್ ಹೊರತಂದ ಎಲ್‌ಪಿ ಇದೆ, ಮನ್ರೋನ ಮೂರೂ ಹಾಡು ಅದರಲ್ಲಿವೆ. ಮರಾಕಾದ ಸಂಭಾಷಣೆ ಅದರಲ್ಲಿ ಸಿಗುವುದಿಲ್ಲ, ಅದಕ್ಕೆ ಚಿತ್ರವನ್ನೇ ನೋಡಬೇಕು.